ಬೇಲಿಯಾಚೆ ನಿಂತ ಅಪ್ಪ

ಪೊಕ್ರೊವ್ಕಾ,
೨೪ ನವೆಂಬರ್ ೧೯೯೮, ಮಂಗಳವಾರ

ಪ್ರೀತಿಯ ತಮ್ಮ ಇಜೆರ್ಗೆ,

ಲಕೋಟೆಯ ಮೇಲೆ ಡೀಕನ್ ಇನ್ನೊಕೆಂತಿ ಎಂದೇ ಬರೆದಿದ್ದೇನೆ. ಅಲ್ಲಿನ ಇಗರ್ಜಿಯವರಿಗೆ ಗೊತ್ತಿರುವುದು ಅದೇ ಹೆಸರು ತಾನೇ. ಒಳಗೆ ಮಾತ್ರ ಅಪ್ಪ ಇಟ್ಟ ಹೆಸರು ಇರಲಿ, ಬೇಸರ ಮಾಡಿಕೊಳ್ಳಬೇಡ. ನೀನು ಹೇಗಿದ್ದೀಯ? ಹೋದ ಚಳಿಗಾಲದ ಕೆಮ್ಮು ಮತ್ತೆ ಶುರುವಾಯಿತೇ? ಪೆರ್ಮ್‌ನಲ್ಲಿ ಆಗಲೇ ಹದಿನೈದು ಡಿಗ್ರಿ ಕೆಳಗೆ ಹೋಗಿದೆ ಎಂದು ರೇಡಿಯೋದಲ್ಲಿ ಹೇಳಿದರು. ಇಗರ್ಜಿಯ ಕಲ್ಲುನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವವನು ನೀನು, ಉಣ್ಣೆಯ ಕಾಲುಚೀಲ ಎರಡೆರಡು ಹಾಕಿಕೋ. ಜಿನಾಯ್ದಾಳಿಗೆ ಈಗ ಏಳನೆಯ ತಿಂಗಳಲ್ಲವೇ? ಭಾರ ಎತ್ತಬೇಡ ಎಂದು ಹೇಳು, ನೀರಿನ ಬಕೆಟ್ಟು ನೀನೇ ತಂದುಕೊಡು. ಇಲ್ಲಿ ನಿನ್ನ ಭಾವ ತಿಖೊನ್ ಆರೋಗ್ಯವಾಗಿದ್ದಾರೆ. ನಮ್ಮತ್ತೆಗೆ ಕಣ್ಣು ಇನ್ನೂ ಮಂಜಾಗಿದೆ, ನಾಲಿಗೆ ಮಾತ್ರ ಮೊದಲಿನ ಹಾಗೇ ಚುರುಕು. ನನ್ನ ವಿಷಯ ಹೇಳುವುದೇನಿದೆ, ಓಡಾಡಿಕೊಂಡಿದ್ದೇನೆ.

ಅಪ್ಪ ಹೋದದ್ದು ನಿನಗೆ ತಂತಿಯಿಂದ ತಿಳಿಯಿತು. ಹೇಗೆ ಹೋದರು ಎಂಬುದನ್ನು ತಂತಿಯಲ್ಲಿ ಬರೆಯಲಾಗಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಜೇನುಪೆಟ್ಟಿಗೆಗಳನ್ನು ಚಳಿಗಾಲಕ್ಕೆಂದು ಒಳಗಿಡಲು ಹೋಗಿ ಅಂಗಳದಲ್ಲಿ ಕುಸಿದರು. ಎಡಗೈ, ಎಡಗಾಲು ನಿಂತುಹೋದವು. ನಮ್ಮ ತವರು ಪಿಸ್ತೆನೂರಿಗೂ ಇಲ್ಲಿಗೂ ದಿನಾ ನದಿ ದಾಟಿ ಓಡಾಡುವುದು ನನ್ನಿಂದಾಗದು ಎಂದು ತಿಖೊನ್ ಗಾಡಿ ಕಟ್ಟಿ ಅವರನ್ನು ಇಲ್ಲಿಗೇ ಕರೆತಂದರು. ಬೆಚ್ಚಗಿರುವ ಕೋಣೆ ಎಂದರೆ ದೇವರ ಪಟಗಳಿರುವ ಮೂಲೆಯ ಕೋಣೆ ಒಂದೇ. ಅತ್ತೆಗೆ ಇರುಸುಮುರುಸು. ಮರಕ್ಕೆ ಕೈಮುಗಿಯುವ ಮುದುಕನನ್ನು ಏಸುವಿನ ಕೆಳಗೆ ಮಲಗಿಸುವುದೇ ಎಂದು. ಅಪ್ಪ ತಲೆಯೆತ್ತಿ ಪಟ ನೋಡಿ, ತೊದಲು ಮಾತಿನಲ್ಲೇ ಹೇಳಿದರು, “ಅವ್ರೂ ಯಾರೋ ದೊಡ್ಡೋರೇ ಇರ್ಬೇಕು. ನನ್ನ ಕಾಲು ಅವ್ರ ಕಡೆ ಬರದ ಹಾಗೆ ಮಲಗ್ಸು ಉನವಿ.” ಸಂಜೆ ಅತ್ತೆ ತಾವೇ ಹಾಲು ಬಿಸಿ ಮಾಡಿ ತಂದುಕೊಟ್ಟರು.

ಹತ್ತೊಂಬತ್ತು ದಿನ ಮಲಗಿದ್ದರು. ಪಕ್ಕದ ಮನೆಯ ಫ್ಯೊಕ್ಲಾ ದಿನವೂ ಬಂದಳು. ನೀನು ಅವಳನ್ನು ಮರೆತಿರಲಾರೆ. ಎಂಬತ್ತೇಳರಲ್ಲಿ ಊರಿನ ಕಣಜ ಸುಟ್ಟಾಗ ಜೈಲಿಗೆ ಹೋದ ಕಾವಲುಗಾರ ಪಾಂತೆಲೆಯ್‌ನ ಹೆಂಡತಿ. ಅವಳಿಗೆ ಈಗ ಅರವತ್ತೆಂಟು, ಕಾಲು ಊದಿಕೊಂಡಿರುತ್ತದೆ, ಆದರೂ ಬಂದು ಅಪ್ಪನ ಬೆನ್ನು ಒರೆಸಿ ಮಗ್ಗುಲು ಹೊರಳಿಸುತ್ತಿದ್ದಳು. ಮಗಳಾದ ನನಗೇ ಆ ಕೆಲಸ ಅಷ್ಟು ಹದವಾಗಿ ಬರುತ್ತಿರಲಿಲ್ಲ. ಅವರಿಬ್ಬರದು ಎಂದಿನ ಜಗಳವೇ. “ಏನ್ ಅಕ್ತನಾಯ್, ನಿನ್ನ ಮರಗಳೆಲ್ಲ ಕ್ಷೇಮಾನಾ?” ಎಂದು ಅವಳು. “ಕ್ಷೇಮ. ನಿಮ್ಮ ದೇವ್ರು ಇನ್ನೂ ಗೋಡೆ ಮೇಲೇ ಇದ್ದಾನಲ್ಲ, ಯಾವಾಗ ಇಳೀತಾನೆ?” ಎಂದು ಇವರು. “ಥೂ ಮುದುಕಾ, ಸಾಯೋ ಹೊತ್ತಲ್ಲಾದ್ರೂ ನಾಲಿಗೆ ಹಿಡ್ಕೊ” ಎಂದು ಬೈದು, ಆಮೇಲೆ ಅವರ ಬಾಯಿಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದಳು.

ಅಪ್ಪ ನಿನ್ನನ್ನು ಕೇಳುತ್ತಲೇ ಇದ್ದರು. ಈ ವರ್ಷ ಮೂರು ಸಲ ಬಾ ಎಂದು ನಿನಗೆ ಬರೆದೆ. ಆಗಸ್ಟಿನಲ್ಲಿ ನೀನು ಉಪವಾಸದ ದಿನಗಳು ಎಂದೆ. ಸೆಪ್ಟೆಂಬರಿನಲ್ಲಿ ಗುಮ್ಮಟದ ರಿಪೇರಿ ಎಂದೆ. ಮೂರನೆಯ ಸಲ, ಅಪ್ಪ ಎದ್ದು ಕೂರಲಾರದೆ ಇದ್ದಾಗ, ನೀನು ಬರೆದ ಉತ್ತರವನ್ನು ಅವರಿಗೆ ಪೂರ್ತಿ ಓದಿ ಹೇಳಲಿಲ್ಲ. ‘ಅಪ್ಪ ದೀಕ್ಷಾಸ್ನಾನಕ್ಕೆ ಒಪ್ಪಿದರೆ ಮರುದಿನವೇ ಹೊರಟು ಬರುತ್ತೇನೆ. ಮರಗಳಿಗೆ ಹೆದರುವುದು ಬೇರೆ, ಪಾಪಕ್ಕೆ ಹೆದರುವುದು ಬೇರೆ ಎಂದು ಅವರಿಗೆ ಈಗಲಾದರೂ ತಿಳಿಸಿ ಹೇಳು ಅಕ್ಕಾ’ ಎಂದು ಬರೆದಿದ್ದೆ. ‘ಕೆಲಸ ಮುಗಿಸಿಕೊಂಡು ಬರ್ತಾನಂತೆ ಅಪ್ಪ’ ಎಂದು ನಾನು ಸುಳ್ಳು ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. “ನಾನು ಮಾತು ಕೊಟ್ಟಿದ್ದೀನಿ ಉನವಿ. ಅವನೇ ಬರ್ಬೇಕು, ಅವನೇ ಬಾಯ್ಬಿಡ್ಬೇಕು” ಎಂದರು. ಜೇನುಪೆಟ್ಟಿಗೆಗಳ ವಿಷಯವೋ ಮನೆಯ ವಿಷಯವೋ ಇರಬೇಕು ಎಂದುಕೊಂಡು, ನನಗೂ ಒಂದು ಮಾತು ಹೇಳಬಾರದಿತ್ತೇ ಎಂದು ಒಳಗೊಳಗೇ ಮುನಿಸಿಕೊಂಡೆ. ಅಕ್ಟೋಬರ್ ಹನ್ನೆರಡರಂದು ಬೆಳಿಗ್ಗೆ, ನಾನು ಹಸು ಕರೆದು ಒಳಗೆ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಫ್ಯೊಕ್ಲಾ ಅವರ ಕೈ ಹಿಡಿದುಕೊಂಡು ಕೂತಿದ್ದಳು.

ನಿನ್ನ ತಂತಿ ಮೂರನೆಯ ದಿನ ಬಂತು. ದೀಕ್ಷೆಯಾಗದವರ ಹೆಸರನ್ನು ಪೀಠದ ಮುಂದೆ ಓದುವಂತಿಲ್ಲ, ಮನೆಯಲ್ಲಿ ಪ್ರಾರ್ಥಿಸುತ್ತೇನೆ ಎಂದು. ನಿಯಮ ಇರಬಹುದು, ನಾನೇನೂ ಓದಿದವಳಲ್ಲ. ಆದರೆ ಆ ಭಾನುವಾರ ಫ್ಯೊಕ್ಲಾ ಇಲ್ಲಿನ ಇಗರ್ಜಿಯಲ್ಲಿ ತೀರಿಕೊಂಡವರ ಚೀಟಿಗೆ ಒಂದು ಹೆಸರು ಸೇರಿಸಿದಳು. ಪಾದ್ರಿ ಗಟ್ಟಿಯಾಗಿ ಓದಿದರು, ಅಲೆಕ್ಸಾಂಡರ್ ಎಂದು. ಹೊರಗೆ ಬಂದ ಮೇಲೆ ಅವಳನ್ನು ಕೇಳಿದೆ, ಯಾರು ಅಲೆಕ್ಸಾಂಡರ್ ಎಂದರೆ? “ನಿಮ್ಮಪ್ಪನೇ ಕಣೇ. ಅಕ್ತನಾಯ್ ಅಂದ್ರೆ ಓದ್ತಿದ್ರಾ?” ಎಂದಳು. ಅದು ಸುಳ್ಳಾಗಲಿಲ್ಲವೇ ಎಂದೆ. “ಸುಳ್ಳೇ. ಅದರ ವಿಷಯ ದೇವ್ರ ಹತ್ರ ನಾನು ಮಾತಾಡ್ಕೋತೀನಿ, ನೀನು ಸುಮ್ನಿರು” ಎಂದು ಹಿಮದಲ್ಲಿ ಕಾಲೆಳೆದುಕೊಂಡು ಮುಂದೆ ಹೋದಳು.

ಇನ್ನು ಹೋದ ಶುಕ್ರವಾರದ ಮಾತು. ಅಪ್ಪನ ನಲವತ್ತನೆಯ ದಿನ. ಪಿಸ್ತೆನೂರಿನ ಮನೆಯಲ್ಲೇ ಮಾಡಿದೆವು. ಬಿಯರು ಕಾಸಿದೆ, ಮೂರು ಪದರದ ದೋಸೆ ಸುಟ್ಟೆ, ಬಾತುಕೋಳಿ ಕೊಯ್ದರು. ತೀರಿಕೊಂಡವರ ಬಟ್ಟೆಯನ್ನು ಒಬ್ಬರಿಗೆ ಉಡಿಸಿ, ಅವರೇ ಬಂದರು ಎಂದು ಕೂರಿಸಿ ಮಾತಾಡಿಸಿ ಉಣ್ಣಿಸಿ ಕಳಿಸುವುದನ್ನು ನೀನು ಮರೆತಿಲ್ಲ ತಾನೇ? ಅಮ್ಮ ತೀರಿದಾಗ ಅಮ್ಮನ ಬಟ್ಟೆ ಉಟ್ಟ ಚಿಕ್ಕಮ್ಮನ ಮಡಿಲಲ್ಲಿ ತಲೆಯಿಟ್ಟು ಅತ್ತವನು ನೀನೇ. ಈಗ ನೀನಿದ್ದಿದ್ದರೆ ನಿನಗೇ ಉಡಿಸುತ್ತಿದ್ದೆವು. ನೀನಿಲ್ಲವಾದ್ದರಿಂದ ತೊಯ್ದೆಮಿರ್ ಮಾವನಿಗೆ ಉಡಿಸಿದೆವು. ಅಪ್ಪನ ನಂತರ ದೇವರ ತೋಪಿನ ಪೂಜೆ ನಡೆಸುತ್ತಿರುವವರು ಅವರೇ ಅಲ್ಲವೇ. ಅಪ್ಪ ಹಿಂದೆ ಅವರಿಗೇ ಬಿಟ್ಟುಕೊಟ್ಟಿದ್ದ ಬಿಳಿ ನಿಲುವಂಗಿ, ಅಪ್ಪನ ಟೋಪಿ, ಅಪ್ಪನ ಬೆಲ್ಟು. ಹಿಂದಿನಿಂದ ನೋಡಿದರೆ ಅಪ್ಪನೇ. ಒಬ್ಬೊಬ್ಬರೇ ಬಂದು “ಬಾ ಅಕ್ತನಾಯ್, ಕೂತ್ಕೋ ಅಕ್ತನಾಯ್, ದಾರಿ ಹೇಗಿತ್ತು” ಎಂದು ವಿಚಾರಿಸಿದರು. ಒಬ್ಬ ತಮಾಷೆಯವನು “ಅಲ್ಲೂ ಜೇನು ಸಾಕ್ತೀಯಾ, ಇಲ್ಲಾ ಬರೀ ಬೈಸ್ಕೋತೀಯಾ?” ಎಂದು ಕೇಳಿ ಎಲ್ಲರನ್ನೂ ನಗಿಸಿದ.

ಆಗ ಫ್ಯೊಕ್ಲಾ ಬಂದಳು. ನಾನು ಕರೆದಿರಲಿಲ್ಲ, ಬರುತ್ತಾಳೆ ಎಂದುಕೊಂಡೂ ಇರಲಿಲ್ಲ. ಪಾದ್ರಿಗೆ ತಿಳಿದರೆ ಸುಮ್ಮನೆ ಬಿಡುವುದಿಲ್ಲ. ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಹಾಕಿಕೊಂಡು, ನೇರವಾಗಿ ತೊಯ್ದೆಮಿರ್ ಮಾವನ ಮುಂದೆ ಬಂದು ನಿಂತಳು. ನಾನು ಪಕ್ಕದಲ್ಲೇ ಹೂಜಿಗೆ ಬಿಯರು ಬಗ್ಗಿಸುತ್ತಿದ್ದೆ. ಅವಳು ಮೆಲ್ಲನೆ ಹೇಳಿದ್ದನ್ನು ನನ್ನ ಕಿವಿಗೆ ಬಿದ್ದ ಹಾಗೆಯೇ ಬರೆಯುತ್ತೇನೆ. “ಅಕ್ತನಾಯ್, ನಂಗೆ ಗೊತ್ತಿತ್ತು ಕಣಯ್ಯಾ. ಪಾಂತೆಲೆಯ್ ಸಾಯೋ ಮುಂಚೆ ಹೇಳಿದ್ದ. ಕಣಜಕ್ಕೆ ಬೆಂಕಿ ಬಿದ್ದಿದ್ದು ನಿನ್ನ ಮಗನ ಸಿಗರೇಟಿಂದ ಅಂತ ನಂಗೆ ಮೊದಲೇ ಗೊತ್ತಿತ್ತು. ಪ್ರತಿ ವರ್ಷ ನೀನು ಜೇನು ತಂದು ಬಾಗಿಲಲ್ಲಿ ನಿಂತಾಗ್ಲೂ ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ ಕಾದೆ. ನೀನು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಬೆನ್ನು ಒರೆಸುವಾಗಾದ್ರೂ ನಾನು ಹೇಳ್ಬೇಕಿತ್ತು, ಗೊತ್ತಿದೆ ಬಿಡು, ಹೊತ್ಕೊಂಡು ಹೋಗ್ಬೇಡ ಅಂತ. ಬಾಯಿ ಬರ್ಲಿಲ್ಲ. ಈಗ ಹೇಳ್ತಿದ್ದೀನಿ. ಇಳಿಸಿ ಹೋಗು.” ಇಷ್ಟು ಹೇಳಿ ಅವಳು ಬಗ್ಗಿ ಮೂರು ಸಲ ನೆಲ ಮುಟ್ಟಿದಳು. ಸತ್ತವರ ಪರವಾಗಿ ಉತ್ತರ ಹೇಳಬೇಕಾದವರು ತೊಯ್ದೆಮಿರ್ ಮಾವ. ಅವರಿಗೆ ಏನೂ ತಿಳಿದಿರಲಿಲ್ಲ ತಮ್ಮಾ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅಪ್ಪನ ನಿಲುವಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ನನ್ನ ಕೈಯ ಹೂಜಿ ತುಂಬಿ ಹೊರಗೆ ಚೆಲ್ಲುತ್ತಿತ್ತು.

ಮರುದಿನ ಫ್ಯೊಕ್ಲಾಳ ಮನೆಗೆ ಹೋಗಿ ಕೂತೆ. ಎಲ್ಲ ಹೇಳಿದಳು. ಆ ಆಗಸ್ಟ್ ಮಧ್ಯಾಹ್ನ ಪಾಂತೆಲೆಯ್ ಕಾವಲು ಬಿಟ್ಟು ನದಿಯ ಕಡೆ ಗೆಳೆಯರ ಜೊತೆ ಕುಡಿಯಲು ಇಳಿದಿದ್ದನಂತೆ. ಹಿಂತಿರುಗುವಾಗ ನೀನು ಕಣಜದ ಹಿಂಬಾಗಿಲಿಂದ ಓಡಿದ್ದನ್ನು ಕಂಡ. ನ್ಯಾಯಾಲಯದಲ್ಲಿ ಮಾತ್ರ ನಿನ್ನ ಹೆಸರೆತ್ತಲಿಲ್ಲ. “ಕಾವಲು ನನ್ದು, ನಾನು ಅಲ್ಲಿರ್ಲಿಲ್ಲ” ಎಂದಷ್ಟೇ ಹೇಳಿದ. ಯಾಕೆ ಹಾಗೆ ಮಾಡಿದೆ ಎಂದು ಇವಳು ಕೇಳಿದ್ದಕ್ಕೆ, “ನಾನು ಜಾಗದಲ್ಲಿ ಇದ್ದಿದ್ರೆ ಆ ಹುಡುಗ ಒಳಗೆ ಹೋಗಿ ಸೇದ್ತಿರ್ಲಿಲ್ಲ ಫ್ಯೊಕ್ಲಾ. ನನ್ನ ತಪ್ಪನ್ನ ಅವನ ತಲೆಗೆ ಕಟ್ಟಿ ಯಾವ ಮುಖ ಇಟ್ಕೊಂಡು ಪ್ರಸಾದ ತಗೊಳ್ಲಿ?” ಎಂದನಂತೆ. ಅಪ್ಪ ಅಂದು ಸಾಕ್ಷಿಯ ಕಟ್ಟೆಯಲ್ಲಿ ನಿಂತು, ಮಗ ಆ ಹೊತ್ತಿನಲ್ಲಿ ನನ್ನ ಜೊತೆ ಜೇನುಪೆಟ್ಟಿಗೆ ಹತ್ತಿರ ಇದ್ದ ಎಂದು ಹೇಳಿದ್ದನ್ನೂ ಪಾಂತೆಲೆಯ್ ಕೇಳಿಸಿಕೊಂಡಿದ್ದ. “ಅಕ್ತನಾಯ್ ಆ ಮಾತು ಹೇಳೋವಾಗ ಟೋಪಿ ತಿರುಚ್ತಾ ನಿಂತಿದ್ದ. ಪಾಪ, ಅವನಿಗೆ ಸುಳ್ಳು ಅಭ್ಯಾಸ ಇಲ್ಲ” ಎಂದು ಹೆಂಡತಿಗೆ ಹೇಳಿದನಂತೆ. ಅದನ್ನೂ ದ್ವೇಷದಿಂದ ಹೇಳಲಿಲ್ಲವಂತೆ.

ಈಗ ನನಗೆ ಎಲ್ಲ ಬೇರೆಯಾಗಿ ಕಾಣುತ್ತಿದೆ. ಅಪ್ಪ ಕೊಟ್ಟಿದ್ದ ಮಾತು ನಿನಗೇ, ಈ ಗುಟ್ಟು ಕಾಯುವುದಕ್ಕೇ. ನೀನು ಪೆರ್ಮ್‌ಗೆ ಹೋಗಿ ಎಂಬತ್ತೆಂಟರ ಈಸ್ಟರಿಗೆ ದೀಕ್ಷೆ ಪಡೆದೆ. ಅದೇ ಬೇಸಿಗೆಯಲ್ಲಿ ಅಪ್ಪ ತೋಪಿನ ಬೇಲಿಯ ಬಳಿ ಬಂದು, ಬಿಳಿ ನಿಲುವಂಗಿಯನ್ನು ಮಡಿಸಿ ತೊಯ್ದೆಮಿರ್ ಮಾವನ ಕೈಗಿಟ್ಟರು. “ಮೊಣಕಾಲು ಕೈಕೊಟ್ಟಿದೆ ಕಣಯ್ಯಾ, ಇನ್ನು ನೀನೇ ನಡೆಸು” ಎಂದರು. ಊರಿಗೆ ಊರೇ ಅಂದುಕೊಂಡಿತು, ಮಗ ಶಿಲುಬೆ ಹಾಕಿಕೊಂಡ ಅವಮಾನಕ್ಕೆ ಹೀಗೆ ಮಾಡಿದರು ಎಂದು. ನಾನೂ ಹಾಗೇ ಅಂದುಕೊಂಡೆ. ‘ನೀನು ಮುಳುಗಿದ ನೀರಿನಲ್ಲಿ ಅಪ್ಪನ ಮಾನ ಮುಳುಗಿತು’ ಎಂದು ಆಗ ನಿನಗೆ ಬರೆದ ಕಾಗದಕ್ಕೆ ಈಗ ಕ್ಷಮೆ ಕೇಳುತ್ತೇನೆ. ಕಾರಣ ಅದಾಗಿರಲಿಲ್ಲ. ತೋಪಿಗೆ ಹೋಗುವ ಮುನ್ನ ಸ್ನಾನ ಮಾಡಿಸಿ, ಯಾರ ಜೊತೆಗಾದರೂ ಜಗಳ ಇದೆಯಾ, ಯಾರಿಗಾದರೂ ಸುಳ್ಳು ಹೇಳಿದ್ದೀಯಾ, ಇದ್ದರೆ ಮೊದಲು ಹೋಗಿ ಸರಿ ಮಾಡಿಕೊಂಡು ಬಾ ಎಂದು ನಮ್ಮನ್ನು ಬಾಗಿಲಿಂದ ವಾಪಸ್ಸು ಕಳಿಸುತ್ತಿದ್ದವರು ಅವರು. ನೆನಪಿದೆಯಾ, ಪಕ್ಕದ ಮನೆಯ ಸೇಬು ಕದ್ದದ್ದಕ್ಕೆ ನಿನ್ನನ್ನು ಆ ವರ್ಷದ ಪೂಜೆಗೇ ಸೇರಿಸಲಿಲ್ಲ. ಯಾರೂ ಕೇಳದೆ, ಯಾರಿಗೂ ಗೊತ್ತಿಲ್ಲದೆ, ಅದೇ ಶಿಕ್ಷೆಯನ್ನು ಅವರು ತಮಗೆ ಹತ್ತು ವರ್ಷ ವಿಧಿಸಿಕೊಂಡರು. ಪ್ರತಿ ಬೇಸಿಗೆಯಲ್ಲೂ ಬೇಲಿಯಾಚೆ ಟೋಪಿ ಕೈಯಲ್ಲಿ ಹಿಡಿದು ಕೊನೆಯ ಪ್ರಾರ್ಥನೆಯವರೆಗೆ ನಿಂತು, ಪ್ರಸಾದದ ಊಟಕ್ಕೆ ಮೊದಲೇ ಮನೆಗೆ ಹೋಗಿಬಿಡುತ್ತಿದ್ದರು. ಮಾರನೆಯ ದಿನ ಅದೇ ಮೊಣಕಾಲಿನಲ್ಲಿ ಸೇತುವೆ ದಾಟಿ ಬಂದು ಫ್ಯೊಕ್ಲಾಳ ಸೌದೆ ಒಡೆಯುತ್ತಿದ್ದರು. ನನ್ನ ಕಣ್ಣೆದುರೇ ಒಡೆಯುತ್ತಿದ್ದರು, ನನಗೆ ಹೊಳೆಯಲಿಲ್ಲ. “ಮೊಣಕಾಲು ಅಂದ, ನಂಬಿಬಿಟ್ಟೆನಲ್ಲಾ” ಎಂದು ತೊಯ್ದೆಮಿರ್ ಮಾವ ನಿನ್ನೆ ಬಂದು ನಮ್ಮ ಜಗಲಿಯಲ್ಲಿ ಕೂತು ಅತ್ತರು.

ಅಪ್ಪ ದೊಡ್ಡವರು, ನೀನು ಸಣ್ಣವನು ಎಂದು ಬರೆಯಲು ಕೂತಿಲ್ಲ. ಅಪ್ಪನೂ ಬಾಯಿಬಿಡಲಿಲ್ಲ. ಪಾಂತೆಲೆಯ್ ಜೈಲಿನಲ್ಲಿದ್ದಾಗ, ಅವನ ಶ್ವಾಸಕೋಶ ಕೊಳೆಯುತ್ತಿದ್ದಾಗ, ಅವರು ನಿನಗೆ ಕೊಟ್ಟ ಮಾತನ್ನು ಉಳಿಸಿಕೊಂಡರು. ಇನ್ನೊಬ್ಬನ ಪ್ರಾಣಕ್ಕಿಂತ ಮಗನಿಗೆ ಕೊಟ್ಟ ಮಾತು ಹೆಚ್ಚೇ? ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ, ಗೊತ್ತಿದ್ದರೆ ಬೇಲಿಯ ಒಳಗೆ ಹೋಗುತ್ತಿದ್ದರು. ನನ್ನದನ್ನೂ ಮುಚ್ಚಿಡುವುದಿಲ್ಲ. ಆ ಮಧ್ಯಾಹ್ನ ನೀನು ನಮ್ಮ ಮನೆಗೆ ಓಡಿ ಬಂದೆ. ಅಂಗಿಯ ತೋಳು ಸುಟ್ಟಿತ್ತು. ಚಹಾ ಕಾಸುವ ಸಮೋವರ್ ತಗುಲಿತು ಎಂದು ನೀನಂದೆ. ನಾನು ತಿಖೊನರ ಅಂಗಿ ತಂದುಕೊಟ್ಟು, ನಿನ್ನದನ್ನು ಒಲೆಗೆ ಹಾಕಿದೆ. ನಂಬಿದ್ದೆ ಎಂದು ಹೇಳಲಾರೆ. ಕೇಳಲಿಲ್ಲ, ಅಷ್ಟೇ. ಹನ್ನೊಂದು ವರ್ಷ ಅದನ್ನು ನೆನಪಿಗೇ ತಂದುಕೊಳ್ಳದ ಹಾಗೆ ಬದುಕಿದೆ. ಭಾನುವಾರ ಇಗರ್ಜಿಗೂ ಹೋದೆ, ಬೇಸಿಗೆಯಲ್ಲಿ ತೋಪಿಗೂ ಹೋದೆ. ಎರಡೂ ಕಡೆ ಒಳಗೇ ನಿಂತೆ.

ಒಂದು ಮಾತು ಮಾತ್ರ ಕೇಳುತ್ತೇನೆ, ಅಕ್ಕನಾಗಿ. ಮೊದಲ ಪಾಪನಿವೇದನೆಯ ದಿನ ಎದೆಯ ಮೇಲಿನ ಬಂಡೆ ಇಳಿಯಿತು, ಇಡೀ ದಾರಿ ಅಳುತ್ತಾ ನಡೆದು ರೂಮಿಗೆ ಬಂದೆ ಎಂದು ನೀನು ಬರೆದಿದ್ದೆ. ಆ ಅಳು ನಿಜವೆಂದು ನನಗೆ ಗೊತ್ತು, ನೀನು ಬೂಟಾಟಿಕೆಯ ಹುಡುಗನಲ್ಲ. ಆದರೆ ನೀನು ಹಗುರಾದ ಆ ದಿನ ಪಾಂತೆಲೆಯ್ ಇನ್ನೂ ಜೈಲಿನಲ್ಲಿದ್ದ. ಅವನು ಬಿಡುಗಡೆಯಾಗಿ ಬಂದದ್ದು ಮರುವರ್ಷ, ತೀರಿಕೊಂಡದ್ದು ತೊಂಬತ್ತರ ವಸಂತದಲ್ಲಿ. ನಿನ್ನ ತಲೆಯ ಮೇಲೆ ವಸ್ತ್ರ ಹೊದಿಸಿ ಕ್ಷಮಿಸಿದ ಆ ಮುದಿ ಪಾದ್ರಿಗೆ ನೀನು ಅವನ ವಿಷಯ ಹೇಳಿದೆಯಾ? ಬರೀ ಬೆಂಕಿಯದನ್ನು ಹೇಳಿ, ಜೈಲಿನದನ್ನು ಬಿಟ್ಟೆಯಾ? ಹೇಳಿದ್ದರೆ ಅವರು ನಿನ್ನನ್ನು ಹಾಗೇ ಮನೆಗೆ ಕಳಿಸುತ್ತಿದ್ದರೇ? ನನಗೆ ಉತ್ತರ ಬರೆಯಬೇಕಾಗಿಲ್ಲ.

ನಮ್ಮತ್ತೆ ಮೊದಲೆಲ್ಲ, ಕೊರಳಲ್ಲಿ ಶಿಲುಬೆ ಇಲ್ಲದವರ ಮಾತು ನಂಬಬೇಡ ಎನ್ನುತ್ತಿದ್ದರು. ನಮ್ಮೂರಿನವರು, ಶಿಲುಬೆ ಇರುವವರು ಬೆಳಿಗ್ಗೆ ಮಾಡಿದ್ದನ್ನು ಸಂಜೆ ತೊಳೆದುಕೊಂಡುಬಿಡುತ್ತಾರೆ ಎನ್ನುತ್ತಿದ್ದರು. ಮದುವೆಯಾಗಿ ನದಿ ದಾಟಿದ ಮೇಲೆ ಇಪ್ಪತ್ತು ವರ್ಷ ಎರಡನ್ನೂ ಕೇಳಿಸಿಕೊಂಡು ಎರಡಕ್ಕೂ ತಲೆಯಾಡಿಸಿದವಳು ನಾನು. ಈಗ ಯಾರಾದರೂ ಹಾಗೆ ಮಾತೆತ್ತಿದರೆ ಎದ್ದು ಹೋಗುತ್ತೇನೆ. ಅಪ್ಪನೂ ಪಾಂತೆಲೆಯ್‌ನೂ ಒಬ್ಬರನ್ನೊಬ್ಬರು ಒಂದೇ ಸಲ, ಆ ನ್ಯಾಯಾಲಯದಲ್ಲಿ, ಕಣ್ಣಿಟ್ಟು ನೋಡಿರಬೇಕು. ಅವರಲ್ಲಿ ಒಬ್ಬ ಕಡೆಯವರೆಗೆ ಪ್ರಸಾದಕ್ಕೆ ಹೆದರಿದ, ಇನ್ನೊಬ್ಬ ಮರಕ್ಕೆ ಹೆದರಿದ. ಈಗ ಇಬ್ಬರೂ ಮಣ್ಣಿನಲ್ಲಿದ್ದಾರೆ, ನದಿಗೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ನನಗೆ ರಾತ್ರಿಯ ಊಟ ಸೇರುತ್ತಿಲ್ಲ ತಮ್ಮಾ.

ಜೇನುಪೆಟ್ಟಿಗೆಗಳನ್ನು ತಿಖೊನ್ ಒಳಗಿಟ್ಟಿದ್ದಾರೆ. ಅಪ್ಪನ ಮನೆಗೆ ಬೀಗ ಹಾಕಿದ್ದೇವೆ, ವಾರಕ್ಕೊಮ್ಮೆ ಹೋಗಿ ಒಲೆ ಹಚ್ಚಿ ಬರುತ್ತೇನೆ. ನಿನಗೂ ಜಿನಾಯ್ದಾಳಿಗೂ, ಬರಲಿರುವ ಕಂದನಿಗೂ ನನ್ನ ಮನಸಾರೆ ಹರಕೆ. ನಮ್ಮ ತೋಪಿನ ದೊಡ್ಡ ಬಿಳಿ ದೇವರೂ ನಿನ್ನ ದೇವರೂ ಸೇರಿ ನಿಮ್ಮನ್ನು ಕಾಯಲಿ. ಇಬ್ಬರನ್ನೂ ಒಟ್ಟಿಗೆ ಬರೆದೆನೆಂದು ಸಿಟ್ಟಾಗಬೇಡ, ನನಗೆ ಈಗ ಒಬ್ಬರು ಸಾಲುತ್ತಿಲ್ಲ.

ನಿನ್ನ ಅಕ್ಕ,
ಉನವಿ

ತಾ. ಕ.: ಲಕೋಟೆ ಅಂಟಿಸುವ ಹೊತ್ತಿಗೆ ಫ್ಯೊಕ್ಲಾ ಗಂಟು ಕಟ್ಟಿಕೊಂಡು ಬಂದು ಪೆರ್ಮ್ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಈ ಕಾಲಿನಲ್ಲಿ ಅಷ್ಟು ದೂರ ಬೇಡ ಎಂದು ಅತ್ತೆಯೂ ನಾನೂ ಎಷ್ಟು ಹೇಳಿದರೂ ಕೇಳಲಿಲ್ಲ. “ಮುದುಕ ಕಾದು ಕಾದು ಹೋದ. ನನ್ನ ಕೈಲಿ ಅಷ್ಟು ಕಾಯೋಕಾಗಲ್ಲ. ಕಾಗ್ದ ಅಂಚೆಗೆ ಹಾಕ್ಬೇಡ, ತಾ ಇಲ್ಲಿ” ಎಂದಳು. ಇದರಲ್ಲಿ ಏನು ಬರೆದಿದೆ ಎಂದು ಕೇಳಲಿಲ್ಲ. ನಿನಗೆ ಏನು ಹೇಳುತ್ತಾಳೋ ನನಗೂ ಹೇಳಲಿಲ್ಲ. ಹಾಗಾಗಿ ಇದನ್ನು ನಿನ್ನ ಕೈಗೆ ಕೊಟ್ಟವಳು ಅವಳೇ, ನೀನು ಓದಿ ಮುಗಿಸುವವರೆಗೂ ಎದುರಿಗೇ ನಿಂತಿರುತ್ತಾಳೆ. ಬಸ್ಸು ಬಂತು, ಬರೆಯುವುದನ್ನು ನಿಲ್ಲಿಸುತ್ತೇನೆ. ಮೊದಲು ಅವಳನ್ನು ಕೂರಿಸು.